‘ದಣಿವು’ ಚಿತ್ರದ ಮುಖ

ಫೆಬ್ರವರಿ ಆರು, ಗುರುವಾರ. ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ನೀಲಕಂಠಪ್ಪನವರು ಠಾಣೆಯ ಮೆಟ್ಟಿಲು ಹತ್ತಿದರು. ವಿದ್ಯಾನಗರದ ಕಲಾ ಸಂಗ್ರಹಾಲಯಕ್ಕೆ ಹೋದ ವರ್ಷವಷ್ಟೇ ಮುಖ್ಯಸ್ಥರಾಗಿ ಬಂದವರು. ಶನಿವಾರ ಉಪನ್ಯಾಸ, ಭಾನುವಾರ ಚಿತ್ರ ಕಮ್ಮಟ ನಡೆಸುವವರು. ರಾತ್ರಿ ಬಂದೋಬಸ್ತು ಮುಗಿಸಿದ್ದ ಇನ್ಸ್‌ಪೆಕ್ಟರ್ ಗುರುಪಾದ ಆಗಷ್ಟೇ ಬೂಟಿನ ಲೇಸು ಸಡಿಲಿಸಿದ್ದರು.

“ಮುಖ ಹೋಗೇತ್ರಿ ಸಾಹೇಬ್ರ.”

“ಯಾರದು?”

“ಚಿತ್ರದ್ದು.”

ಗುರುಪಾದ ಒಂದು ನಿಟ್ಟುಸಿರು ಬಿಟ್ಟು ಲೇಸು ಮತ್ತೆ ಕಟ್ಟಿದರು.

ಎಫ್‌ಐಆರ್ ದಾಖಲಾಗಿ ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ‘ದಣಿವು’ ಎಂಬ ಇದ್ದಿಲಿನ ಚಿತ್ರ ಗೋಡೆಯ ಮೇಲೇ ಇತ್ತು. ಸೆರಗು, ಹೆಗಲು, ಮಡಿಲಲ್ಲಿಟ್ಟ ಕೈ ಎಲ್ಲ ಇದ್ದವು. ಮುಖದ ಜಾಗದಲ್ಲಿ ಮಾತ್ರ ಮಬ್ಬು ಕಾಗದ.

“ಸರ, ಇದ್ದಿಲು ಇದ್ದಲ್ಲಿ ಇದ್ದಿಲ್ಲ ಅಂತ ಬರೀಲೇನ್ರಿ?” ಕಾನ್‌ಸ್ಟೆಬಲ್ ಮುಜಾಫರ ಪೆನ್ನು ಎತ್ತಿ ಕೇಳಿದ.

“ಬಾಯಿ ಮುಚ್ಚಿ ಬರಿಯೋ.”

ಬೀಗ ಒಡೆದಿರಲಿಲ್ಲ. ಚಿತ್ರದ ಕೆಳಗೆ, ನೆಲದ ಮೇಲೆ ಕಪ್ಪಾದ ಬ್ರೆಡ್ಡಿನ ಏಳು ಸಣ್ಣ ಉಂಡೆಗಳು. ಇಲಿ ತಿಂದುಳಿದದ್ದು ಎಂದುಕೊಂಡರು ಗುರುಪಾದ.

“ಅಲ್ರಿ,” ಎಂದರು ನೀಲಕಂಠಪ್ಪ. “ಇದ್ದಿಲಿನ ಗೆರೆ ಅಳಸಾಕ ರಬ್ಬರ್ ಹಚ್ಚಿದ್ರ ಕಾಗದ ಕೆಡತೈತಿ. ಮೆತ್ತನ ಬ್ರೆಡ್ ನಾದಿ ಒತ್ತಬೇಕು. ಕಮ್ಮಟಕ್ಕ ಬಂದವರಿಗೆ ಗೊತ್ತಿರೋ ಸಂಗತಿ.”

“ಚಿತ್ರದಾಗಿನ ಹೆಣ್ಮಗಳು ಯಾರು?”

“ಎರಡು ವರ್ಷದ ಹಿಂದಿನ ಕಮ್ಮಟದಾಗ ಹೊರಗಿನ ಕಲಾವಿದರೊಬ್ಬರು ತೆಗೆದದ್ದು. ಕುಂತಾಕಿ ಹೆಸರು ಯಾರೂ ಬರಕೊಂಡಿಲ್ಲ.”

ಕಮ್ಮಟದ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು. ಎರಡು ದಿನ ಇಪ್ಪತ್ತೆರಡು ಬಾಗಿಲು. ಅಮರಗೋಳದ ಕಾಳು ವ್ಯಾಪಾರಿಯ ಸೊಸೆ ಸೌಮ್ಯಾ ತನ್ನ ಹೂಕುಂಡದ ಚಿತ್ರ ತೋರಿಸಿ ಅಭಿಪ್ರಾಯ ಕೇಳಿದಳು. ಛಲೋ ಐತವ್ವಾ ಅಂದರು ಗುರುಪಾದ. ಅದು ಕುಂಡವೋ ಕುಕ್ಕರೋ ಅವರಿಗೆ ತಿಳಿಯಲಿಲ್ಲ. ಮುಖ ಅಳಿಸಿಹೋದ ಬುಧವಾರ ಸಂಜೆ ಎಲ್ಲರೂ ಎಲ್ಲೆಲ್ಲೋ ಇದ್ದರು, ಸಂಗ್ರಹಾಲಯದಲ್ಲಂತೂ ಯಾರೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರೂವರೆ. ಸಂಗ್ರಹಾಲಯದ ಆಫೀಸಿನಲ್ಲಿ ಗುರುಪಾದ ಕುಸಿದು ಕೂತಿದ್ದರು. ಕಸ ಹೊಡೆದು ಚಹಾ ಮಾಡುವ ಸಾವಕ್ಕ, ಮೇಜಿನ ಮೇಲಿದ್ದ ಚಿತ್ರಗಳ ಪರಿಚಯ ಪತ್ರದ ಮೇಲೆ ಗ್ಲಾಸು ಇಟ್ಟಳು. ನೀಲಕಂಠಪ್ಪ ಹೊರಗೆ ಹೋಗಿದ್ದೇ ತಡ, ಮುಜಾಫರ ಎದ್ದು ನಿಂತ. ದೂರು ಕೊಡುವಾಗ ಅವರು ಅರ್ಧ ಉಪನ್ಯಾಸವನ್ನೇ ಒಪ್ಪಿಸಿದ್ದರಲ್ಲ, ಅದನ್ನೇ ಎತ್ತಿಕೊಂಡ. ಕನ್ನಡಕ ಮೂಗಿನ ತುದಿಗೆ, ಕೈ ಗಾಳಿಯಲ್ಲಿ.

“ನೋಡಿ ಸ್ನೇಹಿತರೇ! ಈ ಕಣ್ಣುಗಳಲ್ಲಿ ಆಸೆ ಎಂಬುದು ಸತ್ತಿದೆ!”

ಗುರುಪಾದ ಎರಡು ದಿನದಲ್ಲಿ ಮೊದಲ ಸಲ ನಕ್ಕರು. ಸಾವಕ್ಕ ನಗಲಿಲ್ಲ.

“ಅಷ್ಟಕ್ಕ ನಿಂದ್ರಂಗಿಲ್ರಿ ಅವ್ರು,” ಎಂದಳು. ಆಮೇಲೆ ನೀಲಕಂಠಪ್ಪನವರ ಹಾಗೆಯೇ ಗಂಟಲು ಸರಿಮಾಡಿಕೊಂಡು, ಅವರ ಹಾಗೆಯೇ ತಡೆದು ತಡೆದು ಹೇಳಿದಳು: “ಈಕೆಗಾಗಿ... ಮನೆಯಲ್ಲಿ... ಕಾಯುವವರು ಯಾರೂ ಇಲ್ಲ.”

ಮುಜಾಫರ ಬಾಯಿ ತೆರೆದು ನಿಂತ. ಗುರುಪಾದ ಗ್ಲಾಸು ಎತ್ತಿ ಪಕ್ಕಕ್ಕಿಟ್ಟರು. ಕೆಳಗಿದ್ದ ಪತ್ರದಲ್ಲಿ ‘ದಣಿವು’ ಚಿತ್ರದ ಫೋಟೋ ಇತ್ತು. ಫೋಟೋ ನೋಡಿದರು, ಸಾವಕ್ಕನನ್ನು ನೋಡಿದರು. ಎರಡು ದಿನದಲ್ಲಿ ಆಕೆಯ ಕೈಯಿಂದ ಒಂಬತ್ತು ಸಲ ಚಹಾ ತೆಗೆದುಕೊಂಡಿದ್ದರು. ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

“ಕೀಲಿಕೈ ನಿನ್ನ ಕಡೇನೂ ಇರತೈತೇನವ್ವಾ?”

“ಇರತೈತ್ರಿ.”

“ಬ್ರೆಡ್ಡಿನ ವಿಚಾರ?”

“ಕಮ್ಮಟದಾಗ ಬ್ರೆಡ್ ಹಂಚಾಕಿ ನಾನ ಅಲ್ರಿ. ಉಳದದ್ದು ಬಳ್ಯಾಕಿನೂ ನಾನ.”

“ಯಾಕ ಅಳಿಸಿದಿ?”

ಸಾವಕ್ಕ ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡಳು.

“ಅವತ್ತ ಕೂಡಬೇಕಾದಾಕಿ ಬರಲಿಲ್ಲಂತ ನನ್ನ ಕುಂಡ್ರಿಸಿದ್ರು. ನನ್ನ ಮಗಳದು ಹತ್ತನೇತ್ತೆ ಪರೀಕ್ಷಾ ಇತ್ರಿ. ಅಕಿ ಓದೂತನಕ ನಾನೂ ಎಚ್ಚರ, ನಾಕು ದಿನ ನಿದ್ದಿ ಇದ್ದಿಲ್ಲ. ಅದಕ್ಕ ಮುಖ ಹಂಗಿತ್ತು. ಇವ್ರು ಬಂದ ಮ್ಯಾಲೆ ಶನಿವಾರಕ್ಕೊಮ್ಮೆ ಆಸೆ ಸತ್ತೈತಿ, ಕಾಯೋರಿಲ್ಲ... ಚಾ ಹಿಡಕೊಂಡು ಎಲ್ಲಾ ಕೇಳೇನ್ರಿ. ಯಾರಿಗೂ ಗುರ್ತ ಸಿಗಲಿಲ್ಲ, ನಡೀಲಿ ಅಂದೆ. ನಾಳೆ ಮಗಳ ಕಾಲೇಜಿನವ್ರು ಬರಾವ್ರದಾರ್ರಿ. ಅಕಿ ಗುರ್ತ ಹಿಡೀತಾಳ. ಅಕಿ ಕೂತು ಆ ಮಾತು ಕೇಳಬಾರದಲ್ರಿ.”

ನಾಲ್ಕು ನಲವತ್ತಕ್ಕೆ ಮಹಿಳಾ ಪೇದೆ ಭಾಗ್ಯಶ್ರೀಯ ಸಮಕ್ಷಮ ಬಂಧನವಾಯಿತು. ಜಾಮೀನು ಸಿಗುವ ಕಲಂ, ಸಂಜೆಯೊಳಗೆ ಬಿಡಬಹುದಿತ್ತು. ನೀಲಕಂಠಪ್ಪ ಠಾಣೆಯ ಬೆಂಚಿನ ಮೇಲೆ ಕೂತು, “ನನಗ ಹೆಂಗ ಗೊತ್ತಾಗಬೇಕಿತ್ರಿ?” ಎಂದು ಮೂರು ಸಲ ಕೇಳಿದರು. ಅವರ ದೂರಿನಲ್ಲಿ ‘ಸಂಶಯ ಇರುವವರು’ ಎಂಬಲ್ಲಿ ಇಪ್ಪತ್ತೆರಡು ಹೆಸರಿದ್ದವು, ಸಾವಕ್ಕನದು ಇರಲಿಲ್ಲ. ಗುರುಪಾದ ಡೈರಿಯಲ್ಲಿ ‘ಉದ್ದೇಶ’ದ ಮುಂದೆ ಬರೆದರು: ಚಿತ್ರದಲ್ಲಿದ್ದ ಮಹಿಳೆ ಆರೋಪಿಯೇ. ತನ್ನ ಬಗ್ಗೆ ಹೇಳಲಾಗುತ್ತಿದ್ದ ಸುಳ್ಳು ಮಗಳ ಕಿವಿಗೆ ಬೀಳದಿರಲೆಂದು.

ಐದೂಕಾಲಿಗೆ ಮಗಳು ದುರ್ಗಾ ಕಾಲೇಜಿನ ಚೀಲದ ಸಮೇತ ಓಡಿ ಬಂದಳು.

“ಯವ್ವಾ, ಏನ್ ಮಾಡೀದಿ?”

“ಏನಿಲ್ಲವ್ವಾ,” ಎಂದಳು ಸಾವಕ್ಕ. “ಸ್ವಚ್ಛ ಮಾಡಿದ್ದು ಒಂಚೂರು ಜಾಸ್ತಿ ಆತು.”