ಖಾಲಿ ಹೊಟ್ಟೆಯ ಬೆಳಗು

"ಒಂದು ತುತ್ತಾದರೂ ತಿಂದು, ಆಮೇಲೆ ಬೇಡ ಅನ್ನಿ!"

ಮುದ್ರಣಾಲಯದ ಕ್ಯಾಂಟೀನಿಗೆ ಹೊಸದಾಗಿ ಬಂದ ಅಡುಗೆಯವನು ತಟ್ಟೆ ಹಿಡಿದು ಎದುರಿಗೇ ನಿಂತಿದ್ದ. ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆಯ ಘಮ! ಕರಡು ತಿದ್ದುವ ಹುಡುಗಿಗೆ ಬಾಯಲ್ಲಿ ನೀರೂರಿತು... ಆದರೂ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬೇಡ ಅಂದೆನಲ್ಲ."

ಅವನ ಮುಖ ಸಣ್ಣದಾಯಿತು. ಕೈರುಚಿ ಬೇಡವೆಂದವರಿಗೆ ತಾನೂ ಬೇಡ ಎಂದುಕೊಳ್ಳುವ ಸ್ವಭಾವ ಅವನದು.

ಅಂದಿನಿಂದ ಅವಳ ಮೇಜಿನತ್ತ ಸುಳಿಯಲೇ ಇಲ್ಲ. "ಕಡ್ಡಿ ಮೇಡಮ್ಮಿಗೆ ಭಾರೀ ಜಂಬ" ಎಂದು ಯಾರೋ ನಕ್ಕಾಗ, ಅವನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಆ ಮೌನವೇ ಅವಳನ್ನು ಹೆಚ್ಚು ನೋಯಿಸಿತು.

'ಹೇಳಿಬಿಡಲೇ? ಬೇಡ... ಹತ್ತಿರ ಬಂದಮೇಲೆ ದೂರ ಮಾಡುವುದು ಕಷ್ಟ.'

ಒಂದು ಬೆಳಗ್ಗೆ ರಕ್ತಪರೀಕ್ಷೆಯ ಲ್ಯಾಬಿಗೆ ಹೋದರೆ, ಬೆಂಚಿನ ಮೇಲೆ ತಾಯಿಯ ಪಕ್ಕದಲ್ಲಿ ಅವನು!

"ನೀವಾ? ಇಲ್ಲಿ?" ಎಂದು ಅವನು ಎದ್ದು ನಿಂತ.

"ನನಗೆ ಕೊಲೆಸ್ಟ್ರಾಲ್ ಇದೆ. ಆರು ತಿಂಗಳಿಗೊಮ್ಮೆ ನೋಡಿಸಬೇಕು."

ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಗಾಳಿ ಬಂದರೆ ಹಾರಿಹೋಗೋ ಹಾಗಿದೀಯ! ನಿನಗೆ ಅದೆಲ್ಲಿಂದ ಬಂತೇ ತಾಯಿ?"

"ನಮ್ಮಮ್ಮನಿಂದ ಬಂದದ್ದು ಆಂಟಿ. ಹುಟ್ಟಿನಿಂದಲೇ ಇದೆ. ಪಥ್ಯ, ಮಾತ್ರೆ ಎರಡೂ ತಪ್ಪಿಸೋ ಹಾಗಿಲ್ಲ."

ನರ್ಸ್ ತಾಯಿಯನ್ನು ಒಳಗೆ ಕರೆದಳು. ಬೆಂಚಿನ ಮೇಲೆ ಇಬ್ಬರೇ ಉಳಿದರು.

"ಅಂದರೆ... ಅವತ್ತು ಜಂಬ ಅಲ್ವಾ?"

"ತಿನ್ನೋಕೆ ಆಸೆಯಾಗಿತ್ತು... ತುಂಬಾ."

"ಹೇಳಬಹುದಿತ್ತಲ್ಲ!"

ಅವಳು ತಲೆ ತಗ್ಗಿಸಿದಳು. "ಅಮ್ಮನಿಗೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ನಾನಿನ್ನೂ ಶಾಲೆಯಲ್ಲಿದ್ದಾಗಲೇ ಹೃದಯಾಘಾತವಾಗಿ ಹೋಗಿಬಿಟ್ಟರು. ಅಪ್ಪ ಒಬ್ಬರೇ ಉಳಿದರು. ಇನ್ನೊಬ್ಬರಿಗೆ ಹಾಗಾಗೋದು ಬೇಡ... ಅದರಲ್ಲೂ ನಿಮಗೆ."

ಕೊನೆಯ ಮಾತು ಬಾಯಿಜಾರಿ ಬಂದಿತ್ತು.

ಅವನು ಅವಳತ್ತ ತಿರುಗಿ ಕುಳಿತ.

"ಈ ಮದುವೆ ಆಗಬಾರದಿತ್ತು ಅಂತ ನಿಮ್ಮಪ್ಪ ಯಾವತ್ತಾದರೂ ಅಂದಿದ್ದಾರಾ?"

ಅಮ್ಮನ ಕನ್ನಡಕವನ್ನು ಇವತ್ತಿಗೂ ಒರೆಸಿಡುವ ಅಪ್ಪ ಕಣ್ಮುಂದೆ ಬಂದರು.

"ಇಲ್ಲ... ಒಂದು ಸಲವೂ ಇಲ್ಲ."

"ಮತ್ತೆ ನನ್ನ ಬದಲು ನೀವ್ಯಾಕೆ ಹೆದರ್ತೀರಿ? ನಿಮ್ಮಮ್ಮನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ, ಜೋಪಾನವಾಗಿದೀರಿ. ಆ ಜೋಪಾನದಲ್ಲಿ ನಂಗೂ ಪಾಲು ಕೊಡಿ."

ಅವಳ ಕಣ್ಣು ತುಂಬಿತು. "ದಿನಾ ಸಪ್ಪೆ ಊಟ ಮಾಡಬೇಕಾಗತ್ತೆ!"

"ಎಣ್ಣೆ ಕಮ್ಮಿಯಾದರೆ ಸಪ್ಪೆನಾ? ಅಡುಗೆಯವನ ಹತ್ತಿರ ಆಡೋ ಮಾತಾ ಇದು?"

"ಹಾಗಾದರೆ ಮೊದಲು ನೀವೂ ಪರೀಕ್ಷೆ ಮಾಡಿಸಿ. ದಿನವಿಡೀ ಬೆಣ್ಣೆಯ ರುಚಿ ನೋಡೋರು ನೀವು! ಬೆಳಗ್ಗೆ ಏನೂ ತಿಂದಿಲ್ಲ ತಾನೇ?"

"ಅಮ್ಮ ಉಪವಾಸ ಇರುವಾಗ ನಾನು ಹೇಗೆ ತಿನ್ನಲಿ? ಆದರೆ... ಸೂಜಿ ಅಂದರೆ..."

ಕಾದ ಬಾಣಲೆಗೆ ಹೆದರದವನ ಮುಖ ಬಿಳಿಚಿಕೊಂಡಿತ್ತು! ಅವಳಿಗೆ ನಗು ತಡೆಯಲಾಗಲಿಲ್ಲ.

ನರ್ಸ್ ಅವನ ತೋಳಿಗೆ ಪಟ್ಟಿ ಬಿಗಿದಾಗ, ಇನ್ನೊಂದು ಕೈ ಅವಳ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿಯಿತು.

"ಬಿಟ್ಟು ಹೋಗಲ್ಲ ತಾನೇ?"

ಅವಳು ಅವನ ಬೆರಳುಗಳನ್ನು ಮೆಲ್ಲಗೆ ಒತ್ತಿದಳು.

"ಕಣ್ಣು ಮುಚ್ಕೊಳ್ಳಿ... ನಾನಿದೀನಿ."