ಎಡತುದಿಯಲ್ಲಿ ನಿಂತವರು

ಬೆಳಿಗ್ಗೆ ಬಾಗಿಲು ತೆರೆದಾಗ ಬ್ಯಾಂಕಿನಲ್ಲಿ ಎಲ್ಲವೂ ಇತ್ತು. ಗೋಡೆಯ ಮೇಲಿನ ಒಂದು ಫೋಟೋ ಮಾತ್ರ ಇರಲಿಲ್ಲ.

"ಫೋಟೋ ಹೋಯ್ತು ಅಂತ ಪೊಲೀಸರನ್ನ ಕರೆಸೋದಾ?" ಇನ್ಸ್‌ಪೆಕ್ಟರ್ ಮುಖ ಗಂಟಿಕ್ಕಿದ.

"ಇರೋದು ಅದೊಂದೇ ಸಾರ್," ಮ್ಯಾನೇಜರ್ ಅಲವತ್ತುಕೊಂಡ. "ಈ ಶಾಖೆಯ ಮೊದಲ ಸಿಬ್ಬಂದಿಯ ಫೋಟೋ. ನಾಳೆ ನಲವತ್ತನೇ ವರ್ಷದ ಸಮಾರಂಭ. ಅದನ್ನ ಬಾಗಿಲಷ್ಟು ದೊಡ್ಡದು ಮಾಡಿಸಿ ಎದುರಿಗೇ ಇಡೋಣ ಅಂತಿದ್ವಿ. ಅದರಲ್ಲಿರೋರು ಯಾರ್ಯಾರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಆಗಿನ ಮ್ಯಾನೇಜರೇ ಮುಖ್ಯ ಅತಿಥಿ. ಒಬ್ಬೊಬ್ಬರನ್ನೇ ತೋರಿಸಿ ಮಾತಾಡ್ತಾರೆ."

ಶಾಖೆಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಏಣಿ ಇದ್ದವನ ಮೇಲೆ ಅನುಮಾನ ಸಹಜ. ಪೇಂಟರ್ ಉರಿದುಬಿದ್ದ.

"ಕದಿಯೋದಾದ್ರೆ ಫ್ಯಾನು ಕದೀತೀನಿ ಸ್ವಾಮಿ. ಯಾರದೋ ತಾತನ ಫೋಟೋ ತಗೊಂಡು ನಮ್ಮನೇಲಿ ತಗುಲಾಕ್ಲಾ?"

ಮಾತಿನಲ್ಲಿ ಹುರುಳಿತ್ತು. ಏಣಿಯನ್ನು ನಿನ್ನೆ ಸಂಜೆ ಅಲ್ಲೇ ಬಿಟ್ಟು ಹೋಗಿದ್ದನಂತೆ. ಬಾಗಿಲ ಗಾರ್ಡ್ ಇನ್ನೊಂದು ವಿಷಯ ಹೇಳಿದ.

"ಹೊರಗಿನೋರು ಯಾರೂ ಒಳಗುಳಿದಿಲ್ಲ ಸಾರ್. ಹೋಗೋವಾಗ ಎಲ್ಲರ ಬ್ಯಾಗೂ ನೋಡಿದೀನಿ."

* * *

ಮ್ಯಾನೇಜರ್ ಸ್ಟ್ರಾಂಗ್ ರೂಂ ತೋರಿಸಿದ. ಅದಕ್ಕೆ ಎರಡು ಕೀ. ದುಂಡು ಹಿತ್ತಾಳೆ ಬಿಲ್ಲೆಯದು ಮ್ಯಾನೇಜರ್ ಬಳಿ, ಮೂರು ಮೂಲೆಯ ಬಿಲ್ಲೆಯದು ಕ್ಯಾಷಿಯರ್ ಬಳಿ. ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ.

"ಮೊದಲ ದಿನದಿಂದ ಇವೇ ಕೀಗಳು ಸಾರ್. ಆದ್ರೂ ಮೊದಲ ಕ್ಯಾಷಿಯರ್ ಕೈಚಳಕ ತೋರಿಸಿಬಿಟ್ಟ. ಜನ ಅಡವಿಟ್ಟ ಒಡವೆಯೆಲ್ಲ ಗುಳುಂ! ಅದೂ ಈ ಫೋಟೋ ತೆಗೆಸಿಕೊಂಡ ದಿನವೇ."

ಹೊಸಬರು ಬಂದಾಗಲೆಲ್ಲ ಮ್ಯಾನೇಜರ್ ಹೇಳುವ ಕಥೆ ಇದು. ಹೇಳುವಾಗ ನಗುವೂ ಬರುತ್ತಿತ್ತು.

"ಎರಡನೇ ಕೀ?"

"ಆಗಿನ ಮ್ಯಾನೇಜರದನ್ನ ಹೇಗೋ ಎಗರಿಸಿದ ಅಂತ. ಆ ಕ್ಯಾಷಿಯರ್ ಹೇಳಿದ್ದೇ ಬೇರೆ ಕಥೆ. ಮಗಳಿಗೆ ಜ್ವರ, ಫೋಟೋ ಮುಗಿದ ಕೂಡ್ಲೇ ಮನೆಗೆ ಹೋಗ್ಬೇಕಿತ್ತು, ಅದಕ್ಕೇ ಮೊದಲೇ ನನ್ನ ಕೀ ಮ್ಯಾನೇಜರ್ ಕೈಗೆ ಕೊಟ್ಟೆ ಅಂದ. ಮ್ಯಾನೇಜರ್, ನಾನು ಮುಟ್ಟೇ ಇಲ್ಲ ಅಂದ್ರು. ಉಳಿದೋರು, ನಾವು ನೋಡಿಲ್ಲ ಅಂದ್ರು. ಕೆಲಸ ಹೋಯ್ತು."

ಪಕ್ಕದ ಮೇಜಿನಲ್ಲಿ ಸಾಲದ ವಿಭಾಗದ ಅಧಿಕಾರಿ ಕೂತಿದ್ದಳು. ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಎಲ್ಲರ ಬಾಯಲ್ಲಿ 'ಸಾಲದ ಮೇಡಂ'. ಫೈಲಿನಿಂದ ತಲೆ ಎತ್ತದೆ ಹೇಳಿದಳು.

"ಹೋದ್ರೆ ಹೋಗ್ಲಿ ಬಿಡಿ ಸಾರ್. ಎಡತುದೀಲಿ ನಿಂತಿರೋ ಆ ಮನುಷ್ಯನನ್ನ ನೋಡಿ ನಾಳೆ ಎಲ್ಲರೂ ನಗೋದಾದ್ರೂ ತಪ್ತು."

ಇನ್ಸ್‌ಪೆಕ್ಟರ್ ಒಮ್ಮೆ ಅವಳತ್ತ ನೋಡಿ ಹುಡುಕಾಟ ಮುಂದುವರಿಸಿದ.

* * *

ಚೌಕಟ್ಟು ಹಳೇ ಫೈಲುಗಳ ಕೋಣೆಯಲ್ಲಿ ಸಿಕ್ಕಿತು. ಖಾಲಿ. ಗಾಜಿಗೆ ಒಂದು ಗೀರೂ ಇಲ್ಲ. ಹಿಂಬದಿಯ ಮೊಳೆಗಳು ಪಕ್ಕದ ಸಾಸರಿನಲ್ಲಿದ್ದವು.

ಇನ್ಸ್‌ಪೆಕ್ಟರ್ ನೇರವಾಗಿ ಸಾಲದ ಮೇಡಂ ಮುಂದೆ ನಿಂತ.

"ನಿಮ್ಮ ಬೀರು ತೆಗೀರಿ ಮೇಡಂ."

"ಯಾಕೆ?"

"ಬ್ಯಾಗು ನೋಡ್ತಾರಲ್ಲ, ಫೋಟೋ ಹೊರಗೆ ಹೋಗಿಲ್ಲ. ಸೇಡಿಗೆ ಕದ್ದವನಾದ್ರೆ ಗಾಜು ಪುಡಿ ಮಾಡ್ತಿದ್ದ. ಇವರು ಮೊಳೇನೂ ಜೋಪಾನವಾಗಿ ಎತ್ತಿಟ್ಟಿದಾರೆ. ಇನ್ನೊಂದು. ಯಾರ್ಯಾರು ಅಂತ ಯಾರಿಗೂ ಗೊತ್ತಿಲ್ಲದ ಫೋಟೋ ಅದು. ಕ್ಯಾಷಿಯರ್ ಎಡತುದೀಲಿದಾರೆ ಅಂತ ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು?"

ಅವಳು ಬೀಗ ತೆಗೆದಳು. ಬೀರುವಿನಿಂದ ಶಾಲಿನಲ್ಲಿ ಸುತ್ತಿದ ಫೋಟೋ ಹೊರಬಂತು. ಎಡತುದಿಯಲ್ಲಿ ನಿಂತವರದೂ ಅವಳದೂ ಒಂದೇ ಮೂಗು, ಒಂದೇ ಗಲ್ಲ.

"ನಮ್ಮಪ್ಪ," ಎಂದಳು. "ಈ ಮುಖ ಬಾಗಿಲಷ್ಟಾದ್ರೆ ನನ್ನನ್ನ ಯಾರು ಗುರುತಿಸಲ್ಲ? ಚಿಕ್ಕಂದಿನಿಂದ ನಾಚಿಕೆ ಸಾರ್. ಸ್ಕೂಲಿನ ಹತ್ರ ಬರ್ಬೇಡಿ ಅಂತಿದ್ದೆ. ನನ್ನ ಮದುವೇಲೂ ಹಿಂದಿನ ಸಾಲಲ್ಲಿ ಕೂತಿದ್ರು, ನಾನು ಮುಂದೆ ಕರೀಲಿಲ್ಲ. ಇದನ್ನ ಹರಿದು ಹಾಕೋಕೆ ಮಾತ್ರ ಕೈ ಬರ್ಲಿಲ್ಲ."

"ಫೋಟೋ ಪೂರ್ತಿ ನೋಡಿದ್ರಾ?"

"ಅವರನ್ನ ನೋಡಿದ ಮೇಲೆ ಇನ್ನೇನು ನೋಡ್ಲಿ?"

ಇನ್ಸ್‌ಪೆಕ್ಟರ್ ಫೋಟೋದ ನಡುವೆ ಬೆರಳಿಟ್ಟ. ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತ ಹಳೇ ಮ್ಯಾನೇಜರ್. ಅವರ ತೊಡೆಯ ಮೇಲೆ ಎರಡು ಕೀ. ಒಂದರ ಬಿಲ್ಲೆ ದುಂಡಗಿತ್ತು. ಇನ್ನೊಂದಕ್ಕೆ ಮೂರು ಮೂಲೆ.

"ನಿಮ್ಮಪ್ಪ ಹೇಳಿದ್ದು ನಿಜ. ಕೀ ಕೊಟ್ಟೇ ಹೋಗಿದಾರೆ. ಮುಟ್ಟೇ ಇಲ್ಲ ಅಂದವರ ಹತ್ರ ಎರಡೂ ಇವೆ. ಅವತ್ತು ಅವರೊಬ್ಬರೇ ಸ್ಟ್ರಾಂಗ್ ರೂಂ ಬಾಗಿಲು ತೆಗೀಬಹುದಿತ್ತು. ಅಕ್ಕಪಕ್ಕ ನಿಂತೋರೆಲ್ಲ ನೋಡಿದಾರೆ, ಬಾಯಿ ಬಿಟ್ಟಿಲ್ಲ. ಮುಖ್ಯ ಅತಿಥಿಗಳನ್ನ ಇವತ್ತೇ ನಾನು ಹೋಗಿ ಮಾತಾಡಿಸ್ತೀನಿ."

ಮ್ಯಾನೇಜರ್ ತಲೆ ತಗ್ಗಿಸಿದ. ಬೆಳಿಗ್ಗೆ ನಗುತ್ತ ಹೇಳಿದ ಕಥೆ ನೆನೆದು ಅವನಿಗೆ ಭೂಮಿಗಿಳಿದುಹೋಗುವಂತಾಯಿತು.

ಜ್ವರ ಬಂದಿದ್ದ ಮಗಳು ಗೋಡೆಗೊರಗಿ ನಿಂತಳು. ಅಪ್ಪ ಇದೇ ಮಾತನ್ನು ಮನೆಯಲ್ಲೂ ಹೇಳಿದ್ದರು. ಅವಳು ಒಂದು ಸಲವೂ ನಂಬಿರಲಿಲ್ಲ. ನಾಚಿಕೆ ಈಗಲೂ ಇತ್ತು, ಆದರೆ ಅದು ತನ್ನ ಬಗ್ಗೆಯೇ ಆಗಿತ್ತು. ಫೋನ್ ತೆಗೆದಳು.

"ಅಪ್ಪಾ, ನಾನು. ಬ್ಯಾಂಕಿಂದ ಮಾತಾಡ್ತಿದೀನಿ."

ಆ ಕಡೆ ಅಪ್ಪನ ದನಿ ತಗ್ಗಿತು.

"ಯಾಕಮ್ಮಾ? ನಾನು ನಿಮ್ಮಪ್ಪ ಅಂತ ಅಲ್ಲಿ ಗೊತ್ತಾಗೋಯ್ತಾ? ಅಲ್ಲ ಅಂದ್ಬಿಡು ಕಣಮ್ಮಾ. ನಾನೇನೂ ಅಂದ್ಕೊಳ್ಳಲ್ಲ."