ಏರಿಯ ಮೇಲಿನ ಗೂಟ

"ಅಲ್ಲಾಡಬೇಡಿ! ಅಲ್ಲಾಡಿದಷ್ಟೂ ಒಳಗೆ ಹೋಗ್ತೀರಿ!"

ಹಿಂದಿನಿಂದ ಬಂದ ಆ ದನಿಗೆ ಅವಳ ಜೀವ ಬಾಯಿಗೆ ಬಂತು. ಮೊಣಕಾಲಿನವರೆಗೆ ಜೌಗಿನ ಕೆಸರಲ್ಲಿ ಹೂತಿದ್ದಳು. ಎರಡೂ ಕೈ ತಲೆಯ ಮೇಲೆ, ಕೈಯಲ್ಲಿ ಕ್ಯಾಮೆರಾ.

"ಮೊದಲು ಕ್ಯಾಮೆರಾ ಕೊಡಿ."

"ಮೊದಲು ನನ್ನನ್ನ ಎತ್ರೀ!"

"ಎಲ್ಲಿ ಹಿಡಿದು ಎತ್ತಲಿ? ಎರಡೂ ಕೈ ಅದಕ್ಕೇ ಕೊಟ್ಟಿದ್ದೀರಲ್ಲ!"

ನಗು ಅವನ ಕಣ್ಣಲ್ಲಿತ್ತು, ತುಟಿಗೆ ಬರಲಿಲ್ಲ. ಕೆಸರ ಮೇಲೆ ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ನಿಧಾನವಾಗಿ ಅವಳನ್ನು ಹೊರಗೆಳೆದ. ಒಂದು ಚಪ್ಪಲಿ ಮಾತ್ರ ಕೆಸರಿಗೇ ಸಂದಿತು.

ಸಮುದ್ರದ ಉಬ್ಬರ ನೋಡಿಕೊಂಡು ಜೌಗಿನ ತೂಬು ತೆರೆದು ಮುಚ್ಚುವುದು ಅವನ ಕೆಲಸ. ಅವಳು ಅಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಬೆಳೆದವಳು. ನೀರುಹಕ್ಕಿಗಳ ಚಿತ್ರಪುಸ್ತಕವೊಂದಕ್ಕಾಗಿ ಇಲ್ಲಿಗೆ ಬಂದಿದ್ದಳು. ಬಾಡಿಗೆಗೆ ಹಿಡಿದದ್ದು ಟೈಲರಿಂಗ್ ಅಂಗಡಿಯ ಮೇಲಿನ ಕೋಣೆ. ಆ ಟೈಲರಮ್ಮ ಅವನ ಅಕ್ಕನೇ ಎಂಬುದು ಸಂಜೆ ತಿಳಿಯಿತು.

ಮರುದಿನದಿಂದ ಅವನೇ ದಾರಿ ತೋರಿಸಿದ. ನೀರಂಚಿನಲ್ಲಿ ಜೊಂಡು ಕಟ್ಟಿ ಮಾಡಿದ ಪುಟ್ಟ ಗೂಡೊಂದಿತ್ತು. ಫೋಟೋದವರು ಅಡಗಿ ಕೂರುವ ಮರೆ ಅದು.

"ಒಳಗೆ ಇಬ್ಬರೂ ಹೋಗೋಣ. ಆಮೇಲೆ ನಾನೊಬ್ಬನೇ ಹೊರಗೆ ಬರ್ತೀನಿ. ಹಕ್ಕಿಗೆ ಲೆಕ್ಕ ಬರಲ್ಲ, ಮರೆ ಖಾಲಿಯಾಯ್ತು ಅಂದ್ಕೊಳ್ಳುತ್ತೆ."

"ಪಾಪ, ಹಕ್ಕಿಗೂ ಟೋಪಿ ಹಾಕ್ತೀರಾ!"

ಅವನು ಹೊರಬಿದ್ದು ತೂಬಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಹಕ್ಕಿಗಳು ಇಳಿದವು. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಡ್ಡಿಯಂಥ ಕಾಲನ್ನು ನೀರಿಗೆ ನೋವಾದೀತೇನೋ ಎಂಬಂತೆ ಊರುತ್ತಿದ್ದವು. ಬೆಳ್ಳಕ್ಕಿಯೊಂದು ತನ್ನ ನೆರಳನ್ನೇ ನೋಡುತ್ತ ನಿಂತಿತ್ತು.

ದಿನವೂ ಹೀಗೇ. ದಾರಿಯುದ್ದಕ್ಕೂ ಮಾತು, ನಗೆ. ಆದರೆ ಮರೆಯಿಂದ ಹೊರಟನೆಂದರೆ ಮುಗಿಯಿತು, ಅವನು ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಅವಳು ಜೊಂಡಿನ ಸಂದಿಯಿಂದ ಕಣ್ಣಿಟ್ಟು ಕಾಯುತ್ತಿದ್ದಳು. ಉಹೂಂ... ಬೆನ್ನು ಮಾತ್ರ.

'ಮನಸ್ಸಿದ್ದವರು ಒಮ್ಮೆಯಾದರೂ ತಿರುಗುವುದಿಲ್ಲವೇ? ನಾನೇ ಏನೇನೋ ಕಟ್ಟಿಕೊಂಡೆನಾ...'

ಊರಿನಿಂದ ಅಮ್ಮ ಫೋನ್ ಮಾಡಿದಳು. "ಆ ಕಾಲೇಜು ಮೇಷ್ಟ್ರು ಮದುವೆ ವಿಷಯ ಮತ್ತೆ ಕೇಳಿದ್ರು ಕಣೇ. ಒಳ್ಳೇ ಮನುಷ್ಯ. ಏನಂತ ಹೇಳ್ಲಿ?"

"ಕೆಲಸ ಮುಗೀತಾ ಬಂತಮ್ಮಾ... ಬಂದು ಹೇಳ್ತೀನಿ."

ಆ ಕಸಿವಿಸಿಯಲ್ಲೇ ಮರುದಿನ ಅವನ ಮೇಲೆ ರೇಗಿದಳು. "ಆಚೆ ಏರಿ ಮೇಲೆ ಅದೇನ್ರೀ ಗೂಟ? ಎಲ್ಲಾ ಫೋಟೋದಲ್ಲೂ ಹಿಂದೆ ಕಂದು ಕಲೆ ಥರ ಬರ್ತಿದೆ. ಕಿತ್ತು ಹಾಕೋಕಾಗಲ್ವಾ?"

ಅವನ ಮುಖ ಕೆಂಪೇರಿತು.

"ನಾಳೆಯಿಂದ ಇರಲ್ಲ ಬಿಡಿ."

ನಿಜಕ್ಕೂ ಇರಲಿಲ್ಲ! ಏರಿ ಬೋಳಾಗಿತ್ತು. ಅವನೂ ದಾರಿಯಲ್ಲಿ ಮಾತಾಡಲಿಲ್ಲ. 'ಒಂದು ಗೂಟಕ್ಕೆ ಇಷ್ಟು ಕೋಪವೇ?' ಅವಳು ಕೋಣೆಗೆ ಬಂದು ಬ್ಯಾಗು ಕಟ್ಟಿದಳು. ನಾಳೆ ಸಂಜೆಯ ಬಸ್ಸಿಗೆ ಹೊರಡುವುದು, ಅಮ್ಮನಿಗೆ ಹೂಂ ಅನ್ನುವುದು.

ಅಂಗಡಿಯಲ್ಲಿ ಅಕ್ಕ ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು. ಇವಳು ಕ್ಯಾಮೆರಾ ತೋರಿಸಿದಳು.

"ನೋಡಿ ಅಕ್ಕಾ, ನಿಮ್ಮ ತಮ್ಮ ಗೂಟ ಕಿತ್ತ ಮೇಲೆ ಫೋಟೋ ಎಷ್ಟು ಚೊಕ್ಕ ಬಂದಿದೆ."

"ಯಾವ ಗೂಟ? ನಾನು ಹುಟ್ಟಿದಾಗಿಂದ ಆ ಏರಿ ಮೇಲೆ ಒಂದು ಕಡ್ಡಿ ನೆಟ್ಟಿದ್ದು ನೋಡಿಲ್ಲ."

ಇವಳು ಹಳೆಯ ಫೋಟೋ ತೆಗೆದಳು. ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. ಮರುಕ್ಷಣ ಸೂಜಿ ಉಗುಳಿ, ಹೊಟ್ಟೆ ಹಿಡಿದು ನಗತೊಡಗಿದಳು.

"ಇದು ಗೂಟ ಅಲ್ವೇ ತಾಯಿ, ನನ್ನ ತಮ್ಮ! ಈ ಕಂದು ಟೋಪಿ ಹೊಲಿದುಕೊಟ್ಟಿದ್ದೇ ನಾನು!"

"ಅಂದ್ರೆ... ಅವರು ತೂಬಿನ ಹತ್ರ ಹೋಗ್ತಾರಲ್ಲ?"

"ತೂಬಿಗೆ ಎಷ್ಟು ಹೊತ್ತಿನ ಕೆಲಸ? ನೀನು ಕೆಸರಲ್ಲಿ ಹೂತ್ಕೊಂಡ ದಿನದಿಂದ ಅವನ ಜೀವಕ್ಕೆ ನೆಮ್ಮದಿ ಇಲ್ಲ. ನೀರು ಏರಿದ್ರೆ ಅಂತ ಅಲ್ಲೇ ಕೂತಿರ್ತಾನೆ. ಅಲ್ಲಾಡಿದ್ರೆ ನಿನ್ನ ಹಕ್ಕಿ ಹಾರುತ್ತಲ್ಲ, ಅದಕ್ಕೆ ಕಲ್ಲಿನ ಹಾಗೆ!"

"ಮತ್ತೆ ಒಂದ್ಸಲನೂ ತಿರುಗಿ ನೋಡಲ್ಲ..."

"ಹೊರಡುವಾಗ ತಿರುಗಿದ್ರೆ ಮರೇಲಿ ಯಾರೋ ಇದ್ದಾರೆ ಅಂತ ಹಕ್ಕಿಗೆ ಗೊತ್ತಾಗುತ್ತೆ. ನಮ್ಮಪ್ಪ ಕಲಿಸಿದ್ದು ಅದು. ನಿನಗೆ ಹೇಳಲಿಲ್ವಾ? ಅವನೆಲ್ಲಿ ಹೇಳ್ತಾನೆ, ಮುಕ್ಕ!"

ಅವಳು ಒಂದೊಂದೇ ಚಿತ್ರ ದೊಡ್ಡದು ಮಾಡಿ ನೋಡಿದಳು. ಹಕ್ಕಿಯ ಕಾಲುಗಳ ಆಚೆ, ಕಂದು ಟೋಪಿಯ ಕೆಳಗೆ, ಮಸುಕಾದ ಒಂದು ಬಿಳಿ ಚುಕ್ಕೆ. ಮುಖ! ಎಲ್ಲದರಲ್ಲೂ ಅದು ಮರೆಯ ಕಡೆಗೇ ತಿರುಗಿತ್ತು.

ಕಣ್ಣು ತುಂಬಿತು. ಅಮ್ಮನಿಗೆ ಫೋನ್ ಮಾಡಿದಳು.

"ಮೇಷ್ಟ್ರಿಗೆ ಬೇಡ ಅಂತ ಹೇಳಮ್ಮಾ."

"ಯಾಕೇ? ಬೇರೆ ಯಾರಾದ್ರೂ ಇದ್ದಾರಾ?"

"ಇದ್ದಾರೆ. ಎಲ್ಲಾ ಫೋಟೋದಲ್ಲೂ ಇದ್ದಾರೆ. ನನಗೇ ಕಂಡಿರಲಿಲ್ಲ."

ಬೆಳಿಗ್ಗೆ ಮರೆಯೊಳಗೆ ಅವಳನ್ನು ಕೂರಿಸಿ ಅವನು ಹೊರಡಲು ಎದ್ದ.

"ಆ ಗೂಟ ನನಗೆ ವಾಪಸ್ ಬೇಕು," ಎಂದಳು.

ಅವನು ಅಲ್ಲೇ ನಿಂತ.

"ಅಕ್ಕ ಹೇಳಿಬಿಟ್ಳಾ?"

"ನೀವು ಹೇಳದಿದ್ರೆ ಇನ್ಯಾರು ಹೇಳ್ಬೇಕು? ಇವತ್ತು ಸಂಜೆ ಬಸ್ಸಿಗೆ ಹೋಗೋಳಿದ್ದೆ ನಾನು."

"ಹೋಗ್ಬೇಡಿ." ಅಷ್ಟು ಹೇಳಲು ಅವನಿಗೆ ಉಸಿರೆಲ್ಲ ಬೇಕಾಯಿತು. "ನೀವು ಇಲ್ಲದ ಮರೆ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ."

"ಹಾಗಾದ್ರೆ ನೀವೂ ಹೋಗ್ಬೇಡಿ. ಕೂತ್ಕೊಳ್ಳಿ."

"ಒಬ್ಬರು ಹೊರಗೆ ಹೋಗದಿದ್ರೆ ಹಕ್ಕಿ ಬರಲ್ಲ."

"ಬರದಿದ್ರೆ ಬೇಡ!"

ಅವನು ಕೂತ. ಹಕ್ಕಿಗಳು ಬರಲಿಲ್ಲ. ನೀರು ಮಾತ್ರ ಸದ್ದಿಲ್ಲದೆ ಏರಿ ಜೊಂಡಿನ ಬುಡ ಮುಟ್ಟಿತು. ಅವಳು ಉದ್ದನೆಯ ಲೆನ್ಸನ್ನು ಅವನತ್ತ ತಿರುಗಿಸಿದಳು. ಎಷ್ಟು ತಿರುಚಿದರೂ ಬರೀ ಮಸುಕು.

"ಈ ಲೆನ್ಸಿಗೆ ಇಷ್ಟು ಹತ್ರ ಕಾಣಲ್ಲ ರೀ."

"ದೂರ ಹೋಗಿ ಕೂರ್ಲಾ? ಏರಿ ಮೇಲೆ?"

"ಬೇಡ," ಎಂದು ಅವಳು ಕ್ಯಾಮೆರಾವನ್ನು ಕೆಳಗಿಟ್ಟಳು. "ಹೀಗೇ ಕಾಣ್ತೀರಿ."